ಸೀಳಿದ ನಳಿಗೆಯ ಕೋವಿ

ಜಿಮ್ ಕಾರ್ಬೆಟ್ಟರ ‘ಮ್ಯಾನ್-ಈಟರ್ಸ್ ಆಫ್ ಕುಮಾವೂನ್’ 1944ರಲ್ಲಿ ಪ್ರಕಟವಾದ ಪುಸ್ತಕ. ಅದನ್ನು ಮೆಚ್ಚುವವರು ಸಾಮಾನ್ಯವಾಗಿ ಗ್ರಂಥಕರ್ತರ ಧೈರ್ಯವನ್ನೂ ಹುಲಿಯ ಮೇಲೆ ಅವರಿಗಿದ್ದ ಗೌರವವನ್ನೂ ಕೊಂಡಾಡುತ್ತಾರೆ. ನಾವು ಅದರೊಳಗಿನ ಕೋವಿಗಳ ಬಗ್ಗೆ ನಾಲ್ಕು ಮಾತು ಹೇಳಬಯಸುತ್ತೇವೆ. ಕೋವಿಯ ಮರ್ಮ ತಿಳಿಯದೆ ಓದಿದರೆ ಈ ಪುಸ್ತಕದ ಅರ್ಧ ರುಚಿ ತಪ್ಪಿಹೋಗುತ್ತದೆಂದು ನಮ್ಮ ಅಭಿಪ್ರಾಯ.

ಮುನ್ನುಡಿಯಲ್ಲೇ ಒಬ್ಬ ಸಣ್ಣ ಹುಡುಗ ಬರುತ್ತಾನೆ. ತರಾಯಿ, ಭಾಬರದ ಕಾಡುಗಳಲ್ಲಿ ಒಬ್ಬನೇ ಅಲೆಯುವ ಆತ ಬಾಲಕ ಕಾರ್ಬೆಟ್ಟರೇ. ಕೈಯಲ್ಲಿರುವುದು ಬಾಯಿಯಿಂದ ಮದ್ದು ತುಂಬುವ ಹಳೆಯ ಜೋಡುನಳಿಗೆ ಕೋವಿ. ಬಲಗಡೆಯ ನಳಿಗೆ 6 ಇಂಚು ಸೀಳಿದೆ. ಹಿಡಿ, ನಳಿಗೆಗಳು ಕಳಚಿ ಬೀಳದಂತೆ ಹಿತ್ತಾಳೆಯ ತಂತಿ ಸುತ್ತಿದೆ. ಇಷ್ಟನ್ನು ಒಂದೇ ಉಸಿರಿಗೆ ಹೇಳಿ ಅವರು ಮುಂದೆ ಸಾಗುತ್ತಾರೆ. ಅಂಥ ಕೋವಿಯನ್ನು ಬೇಟೆಗೆ ಅಣಿಮಾಡುವ ಬಗೆಯನ್ನು ಅಲ್ಲಿ ಹೇಳಿಲ್ಲ. ಅಂದಿನ ಓದುಗರಿಗೆ ಅದು ಬೇಡವಾಗಿತ್ತೇನೋ, ನಮಗೆ ಬೇಕು.

ಕೊಡಗು, ಮಲೆನಾಡಿನ ಕಡೆಯ ನಮ್ಮ ಸದಸ್ಯರಿಗೆ ಕೇಪಿನ ಕೋವಿ ಗೊತ್ತಿದ್ದೀತು. ಮೊದಲು ನಳಿಗೆಗೆ ಸಲಾಕೆ ಇಳಿಸಿ, ಹಳೆಯ ಮದ್ದು ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಬೆಂಕಿ ಹೋಗುವ ರಂಧ್ರದಲ್ಲಿ ಎಣ್ಣೆ ನಿಂತಿದ್ದರೆ ಬರಿಯ ಕೇಪೊಂದನ್ನು ಸಿಡಿಸಿ ಒಣಗಿಸಬೇಕು. ಆಮೇಲೆ ಅಳತೆಯ ಮದ್ದು, ಅದರ ಮೇಲೆ ನಾರಿನ ಅಥವಾ ಕಾಗದದ ಉಂಡೆ, ಚರೆ, ಚರೆ ಉರುಳದಂತೆ ಇನ್ನೊಂದು ಉಂಡೆ. ಎಲ್ಲವನ್ನೂ ನಡುವೆ ತೆರಪು ಉಳಿಯದಂತೆ ಒತ್ತಿ ಕೂರಿಸಬೇಕು. ಸರಿಯಾಗಿ ತುಂಬಿದಾಗ ಸಲಾಕೆ ಎಲ್ಲಿಗೆ ನಿಂತಿತೆಂದು ಅದರ ಮೇಲೆ ಗುರುತು ಮಾಡಿಟ್ಟುಕೊಂಡವನು ಜಾಣ. ಮರೆತು ಎರಡು ಸಲ ತುಂಬಿದ್ದರೆ ಗುರುತು ಮೇಲೆದ್ದು ಎಚ್ಚರಿಸುತ್ತದೆ. ಕೇಪು ಕಟ್ಟಕಡೆಗೆ. ಕರಿಮದ್ದೆಂದರೆ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಉರಿದ ಮೇಲೆ ಅದರ ಅರ್ಧಕ್ಕಿಂತ ಹೆಚ್ಚು ಘನರೂಪದಲ್ಲೇ ಉಳಿಯುತ್ತದೆ. ಆದ್ದರಿಂದಲೇ ಆ ಹೊಗೆ, ಆ ಮಸಿ, ಸಂಜೆಗೆ ನಳಿಗೆಗೆ ಬಿಸಿನೀರಿನ ಸ್ನಾನ!

ಈಗ ಹುಡುಗನ ಸ್ಥಿತಿ ನೋಡಿ. ಸೀಳಿದ ನಳಿಗೆಯನ್ನು ನಂಬುವಂತಿಲ್ಲ. ಉಳಿದದ್ದು ಒಂದೇ ಈಡು. ಚರೆಗೆ ಮೂವತ್ತು ನಲವತ್ತು ಗಜದಾಚೆ ಭರವಸೆಯೂ ಇಲ್ಲ. ಹತ್ತಿರ ಹೋಗಬೇಕು, ಕಾಯಬೇಕು. ಹೀಗೆ ಅವನು ಕಾಡುಕೋಳಿಗಳನ್ನು ಹೊಂಚುತ್ತಿದ್ದಾಗ ಪೊದೆಯಿಂದ ಹುಲಿಯೊಂದು ಹೊರಬಂದು, ತಿರುಗಿ ನೋಡಿ, ತನ್ನ ಪಾಡಿಗೆ ಹೊರಟುಹೋಗುತ್ತದೆ. ಹುಲಿ ವಿನಾಕಾರಣ ಕೇಡು ಮಾಡದೆಂಬುದಕ್ಕೆ ಕಾರ್ಬೆಟ್ಟರು ಇದನ್ನು ಸಾಕ್ಷಿಯಾಗಿ ಕೊಡುತ್ತಾರೆ. ನಾವು ಅರ್ಧ ಒಪ್ಪುತ್ತೇವೆ. ಕೋವಿಯಲ್ಲಿದ್ದದ್ದು ಹಕ್ಕಿಯ ಚರೆಯೇ ಇರಬೇಕು. ಅದರಿಂದ ಹುಲಿಗೆ ಹೊಡೆಯುವುದು ಹುಚ್ಚಾಗುತ್ತಿತ್ತು. ಹುಡುಗ ಹೊಡೆಯಲಿಲ್ಲ, ಹುಲಿ ಕೆರಳಲಿಲ್ಲ. ಒಳ್ಳೆಯ ರೈಫಲ್ ಇದ್ದಿದ್ದರೆ ಮುನ್ನುಡಿಯಲ್ಲಿ ಹುಲಿಯ ದೊಡ್ಡತನದ ಬದಲು ಅದರ ಉದ್ದಳತೆ ಬರುತ್ತಿತ್ತೋ ಏನೋ. ಈ ಲೆಕ್ಕವನ್ನು ಗ್ರಂಥಕರ್ತರು ಬಿಟ್ಟುಬಿಟ್ಟದ್ದು ನಮಗೆ ಕೊರತೆಯಾಗಿ ಕಂಡಿದೆ.

ಮೊದಲನೆಯ ಕಥೆಯಲ್ಲಿ ಮತ್ತೊಂದು ಕೆಟ್ಟ ಕೋವಿ ಬರುತ್ತದೆ. 1907ರ ಚಂಪಾವತ್. ರೈಫಲಿನ ಮೂರೇ ತೋಟಾಗಳು ಮುಗಿದಿವೆ, ಗಾಯಗೊಂಡ ನರಭಕ್ಷಕ ಹೆಣ್ಣುಹುಲಿ ಬಂಡೆಯ ಮೇಲಿದೆ. ತಹಸೀಲ್ದಾರರ ಕೋವಿಯನ್ನು ಕಸಿದುಕೊಂಡು ಬಂದರೆ ಅದರ ನಳಿಗೆಗೂ ಹಿಂಭಾಗಕ್ಕೂ ನಡುವೆ ಇಂಚಿನ 3/8ರಷ್ಟು ಸಂದು! 20 ಅಡಿಯಿಂದ ಬಾಯಿಗೆ ಗುರಿಯಿಟ್ಟ ಗುಂಡು ಬಲ ಪಂಜಕ್ಕೆ ತಗಲುತ್ತದೆ. ಆಮೇಲೆ ಅದನ್ನು ಉಗುರಿನಿಂದಲೇ ಕಿತ್ತೆನೆಂದು ಬರೆಯುತ್ತಾರೆ. ಗುಂಡನ್ನು ತಳ್ಳಬೇಕಾದ ಅನಿಲ ಸಂದಿನಲ್ಲಿ ಸೋರಿಹೋದರೆ ಗುಂಡಿಗೆ ಉಳಿಯುವ ವೇಗವೆಷ್ಟು? ಸಾಯುವ ಸ್ಥಿತಿಯಲ್ಲಿದ್ದ ಹುಲಿಗೆ ಆ ತಟ್ಟೇ ಸಾಕಾಯಿತು. ಈ ಭೌತಶಾಸ್ತ್ರವನ್ನು ಅವರು ವಿವರಿಸುವುದಿಲ್ಲ, ಉಗುರೊಂದರಲ್ಲಿ ಮುಗಿಸುತ್ತಾರೆ. ಇಡೀ ಪುಸ್ತಕದಲ್ಲಿ ನಮಗೆ ಅತಿ ಮೆಚ್ಚಿಗೆಯಾದ ಜಾಗ ಇದು.

1972ರ ವನ್ಯಜೀವಿ ಕಾಯಿದೆಯ ನಂತರ ಇಂಥ ಬೇಟೆ ಓದಿನಲ್ಲಷ್ಟೇ ಉಳಿದಿದೆ. ಹಾಗಾಗಿ ಕಾರ್ಬೆಟ್ಟರನ್ನು ಕನ್ನಡಕ್ಕೆ ತರುವವರು ಎರಡು ಕಡೆಯೂ ‘ಹಳೆಯ ಬಂದೂಕು’ ಎಂದು ಬರೆದು ಕೈತೊಳೆದುಕೊಳ್ಳಬಾರದು. ಒಂದು ಬಾಯಿಯಿಂದ ತುಂಬುವುದು, ಇನ್ನೊಂದು ಹಿಂದಿನಿಂದ. ನಳಿಗೆ, ಕುದುರೆ, ಕೇಪು, ಚರೆ, ತೋಟಾ, ಈಡು, ಎಲ್ಲ ಮಾತುಗಳೂ ನಮ್ಮಲ್ಲಿವೆ.