ಚಾಪೆಲ್ ಕರಾಚಿಗೆ ಹೋಗಿರಲಿಲ್ಲ

ಹುಬ್ಬಳ್ಳಿ ಕಡೆಯ ಶಾಲಾ ಪ್ರವಾಸದ ಬಸ್ಸುಗಳು ಅರಬೈಲ್ ಘಟ್ಟ ಇಳಿದು, ಸುಂಕಸಾಳ, ಅಂಕೋಲೆ ದಾಟಿ ಕಾರವಾರಕ್ಕೆ ಬಂದರೆ ಟ್ಯಾಗೋರ್ ಕಡಲತೀರದಲ್ಲಿ ನಿಲ್ಲದೆ ಹೋಗುವುದಿಲ್ಲ. ಅಲ್ಲಿ ದಡಕ್ಕೇರಿಸಿ ನಿಲ್ಲಿಸಿದ ಯುದ್ಧನೌಕೆ ಇದೆ: ಐಎನ್‌ಎಸ್ ಚಾಪೆಲ್. ಮಕ್ಕಳು ಒಳಹೊಕ್ಕು, ನಾವಿಕರ ಗೊಂಬೆಗಳನ್ನು ನೋಡಿ ಹೊರಬರುವಷ್ಟರಲ್ಲಿ ಯಾರಾದರೂ ಒಬ್ಬರು ಹೇಳಿಯೇ ಇರುತ್ತಾರೆ, ‘1971ರಲ್ಲಿ ಕರಾಚಿ ಬಂದರಿಗೆ ಬೆಂಕಿ ಇಟ್ಟ ಹಡಗು ಇದೇ’ ಎಂದು. ಪ್ರವಾಸಿ ಬರಹಗಳಲ್ಲೂ ಈ ಮಾತು ಕೈಯಿಂದ ಕೈಗೆ ದಾಟುತ್ತ ಬಂದಿದೆ.

ಇದು ನಿಜವಲ್ಲ. ಚಾಪೆಲ್ ನೌಕಾಪಡೆಗೆ ಸೇರಿದ್ದು 1976ರ ನವೆಂಬರ್ 4ರಂದು. ಯುದ್ಧ ಮುಗಿದು ಆಗಲೇ ಐದು ವರ್ಷವಾಗುತ್ತ ಬಂದಿತ್ತು. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯತ್ತ ಹೋದ ಕ್ಷಿಪಣಿ ದೋಣಿಗಳು ನಿರ್ಘಾತ್, ನಿಪಾತ್ ಮತ್ತು ವೀರ್. ಪಾಕಿಸ್ತಾನದ ಖೈಬರ್ ಮುಳುಗಿದ್ದು ನಿರ್ಘಾತ್ ಹಾರಿಸಿದ ಕ್ಷಿಪಣಿಗಳಿಂದ, ಮುಹಾಫಿಜ್ ಮುಳುಗಿದ್ದು ವೀರ್‌ನಿಂದ. ನಾಲ್ಕು ದಿನಗಳ ನಂತರ ಎರಡನೇ ದಾಳಿಗೆ ಹೋದದ್ದು ವಿನಾಶ್. ನಾವು ಪ್ರತಿ ಡಿಸೆಂಬರ್ 4ರಂದು ನೌಕಾಪಡೆ ದಿನ ಆಚರಿಸುವುದು ಆ ಮೊದಲ ರಾತ್ರಿಯ ನೆನಪಿಗೆ.

ದಾಖಲೆಗೆ ಕೈಹಾಕುವುದೇ ಬೇಡ, ಹಡಗೇ ಸಾಕ್ಷಿ ಹೇಳುತ್ತದೆ. ಡೆಕ್ಕಿನ ಮೇಲೆ ಎಡಬಲಕ್ಕೆ ಎರಡೆರಡಾಗಿ ಕೂತ ನಾಲ್ಕು ಕ್ಷಿಪಣಿ ಕೋಶಗಳನ್ನು ನೋಡಿ. ಅವು ದುಂಡಗಿವೆ, ದಪ್ಪ ಕೊಳವೆಗಳ ಹಾಗೆ. 1971ರ ದೋಣಿಗಳಲ್ಲಿದ್ದವು ಚೌಕ ಪೆಟ್ಟಿಗೆಯಂಥ ಕೋಶಗಳು. ಆಗಿನ ಸೋವಿಯತ್ ಕ್ಷಿಪಣಿಯ ರೆಕ್ಕೆ ಮಡಚುತ್ತಿರಲಿಲ್ಲ, ಅದಕ್ಕೆ ಅಗಲ ಜಾಗ ಬೇಕಿತ್ತು. ರೆಕ್ಕೆ ಮಡಚುವ ಕ್ಷಿಪಣಿ ಬಂದ ಮೇಲೆ ಕೊಳವೆ ಸಾಕಾಯಿತು. ಅಂಥ ಸುಧಾರಿತ ಎಂಟು ದೋಣಿಗಳನ್ನು ಭಾರತ ಎಪ್ಪತ್ತರ ದಶಕದ ಮಧ್ಯದಲ್ಲಿ ತರಿಸಿಕೊಂಡಿತು. ಚಾಪೆಲ್ ಅವುಗಳಲ್ಲೊಂದು. ಬಯಲಲ್ಲಿ ನಿಲ್ಲಿಸಿದ್ದರಿಂದ ಆಗಿರುವ ದೊಡ್ಡ ಉಪಕಾರವೇ ಇದು: ಹೊರಗೆ ನಿಂತು ಕತ್ತೆತ್ತಿದರೂ ಈ ಪುರಾವೆ ಕಾಣುತ್ತದೆ.

‘ಅದೇ ಸ್ಕ್ವಾಡ್ರನ್ನಿನ ದೋಣಿ ತಾನೆ, ಹಿರಿಯರ ಕೀರ್ತಿ ಕಿರಿಯರಿಗೂ ಸಲ್ಲಲಿ’ ಎನ್ನುವವರಿದ್ದಾರೆ. ಪರಂಪರೆಯ ಹೆಮ್ಮೆ ಖಂಡಿತ ಸಲ್ಲಲಿ. ಆದರೆ ಪರಂಪರೆಯನ್ನು ಹೇಳುವುದು ಬೇರೆ, ಇದೇ ಹಡಗು ಗುಂಡಿಕ್ಕಿತು ಎನ್ನುವುದು ಬೇರೆ. ಹೀಗೆಂದಾಗ ಆ ರಾತ್ರಿ ನಿರ್ಘಾತ್‌ನಲ್ಲಿ, ವೀರ್‌ನಲ್ಲಿ ಇದ್ದವರ ಪಾಲನ್ನು ನಾವು ಕಿತ್ತು ಇನ್ನೊಬ್ಬರಿಗೆ ಕೊಟ್ಟ ಹಾಗಾಗುತ್ತದೆ. ಚಾಪೆಲ್‌ನಲ್ಲಿ ದುಡಿದವರಿಗೂ ಇದರಿಂದ ಮಾನ ಹೆಚ್ಚುವುದಿಲ್ಲ. ಇಕ್ಕಟ್ಟಾದ ಆ ಒಡಲಲ್ಲಿ, ಎಂಜಿನ್ನಿನ ಕಾವಿನಲ್ಲಿ ಇಪ್ಪತ್ತೆಂಟೂವರೆ ವರ್ಷ ಸರದಿಯಂತೆ ಕಾವಲು ಕಾದವರ ಕೆಲಸ ಯುದ್ಧ ಮಾಡಲಿಲ್ಲವೆಂಬ ಒಂದೇ ಕಾರಣಕ್ಕೆ ಲೆಕ್ಕಕ್ಕಿಲ್ಲ ಎಂದಂತಾಗುತ್ತದೆ. ಗಂಡಾಂತರ ಬರದಂತೆ ನೋಡಿಕೊಳ್ಳುವುದೂ ನೌಕಾಪಡೆಯ ಕೆಲಸವೇ. ಶಾಲೆಯ ಮಕ್ಕಳಿಗೆ ಅದನ್ನು ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಹಡಗು ಸಿಗುವುದಿಲ್ಲ.

ಕರಾಚಿಯ ಕತೆಯ ಗದ್ದಲದಲ್ಲಿ ನಮ್ಮದೇ ಊರಿನ ಕತೆಯೂ ಮುಚ್ಚಿಹೋಗಿದೆ. ಚಾಪೆಲ್ ನಿವೃತ್ತಿಯಾದದ್ದು 2005ರ ಮೇ 5ರಂದು. ಅದೇ ತಿಂಗಳ 31ರಂದು ಕಾರವಾರದ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದ, ಈ ನೆಲೆಯನ್ನು ಕಟ್ಟುವ ಸೀಬರ್ಡ್ ಯೋಜನೆಗಾಗಿ ಕಾರವಾರ, ಅಂಕೋಲಾ ತಾಲೂಕುಗಳ ಕರಾವಳಿಯ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಬಲೆ ಹರವುವ ದಡ ಎಲ್ಲ ಬಿಟ್ಟು ಎದ್ದವು. ಪರಿಹಾರಕ್ಕಾಗಿ ದಶಕಗಳ ಕಾಲ ಕೋರ್ಟು ಕಚೇರಿ ಅಲೆದವು. ಈ ಹಡಗಿನ ಒಳಗೆ ನಿಂತವರು ದೇಶರಕ್ಷಣೆಯ ಬೆಲೆ ಕೇಳಿದರೆ ಕೊಡಬೇಕಾದ ಉತ್ತರ ಕರಾಚಿಯಲ್ಲಿಲ್ಲ. ದಕ್ಷಿಣಕ್ಕೆ ಕೆಲವೇ ಕಿಲೋಮೀಟರ್ ದೂರದ ಅರ್ಗಾ, ಚೆಂಡಿಯಾ, ತೋಡೂರುಗಳಲ್ಲಿದೆ.

ಪ್ರತಿ ಮಳೆಗಾಲ ಸುರಿಯುವ ಮಳೆಗೆ, ವರ್ಷವಿಡೀ ಬೀಸುವ ಉಪ್ಪುಗಾಳಿಗೆ ಈ ಕಬ್ಬಿಣಕ್ಕೆ ಮತ್ತೆ ಮತ್ತೆ ಬಣ್ಣ ಬಳಿಯಲೇಬೇಕು. ಮುಂದಿನ ಸಲ ಬಣ್ಣ ಬಳಿಯುವಾಗ ಎರಡು ಫಲಕಗಳನ್ನೂ ಬರೆಸಲಿ. ಒಂದರಲ್ಲಿ ಚಾಪೆಲ್‌ನ ಸೇವೆಯ ಇಸವಿಗಳ ಪಕ್ಕದಲ್ಲೇ ನಿರ್ಘಾತ್, ನಿಪಾತ್, ವೀರ್, ವಿನಾಶ್‌ಗಳ ಹೆಸರಿರಲಿ. ಇನ್ನೊಂದರಲ್ಲಿ ಸೀಬರ್ಡ್‌ಗೆ ನೆಲ ಬಿಟ್ಟುಕೊಟ್ಟ ಊರುಗಳ ಹೆಸರಿರಲಿ, ಒಂದೂ ಬಿಡದಂತೆ.