ಕಾವಡಿಯಿಂದ ಇಳಿದವರು

ಶ್ರವಣಕುಮಾರನ ಪದ ಹಾಡದ ಮೇಳ ನಮ್ಮ ಜತ್ತ ಸೀಮೆಯಾಗ ಸಿಗಲಿಕ್ಕಿಲ್ಲ. ಭಜನಿ ಇರಲಿ, ಗೀಗೀ ಇರಲಿ, ನಡುರಾತ್ರಿ ದಾಟಿದ ಮೇಲೆ ಯಾರಾದರೂ ಒಬ್ಬರು ಎದ್ದು ಆ ಪದಾನ ಬೇಡತಾರ. ಮಗ ಕಾವಡಿ ಹೊತ್ತು ನಡೆಯೂದು, ನೀರಿಗೆ ಹೋಗೂದು, ದಶರಥನ ಬಾಣ ನಡೂದು, ಇಷ್ಟು ಬಂತಂದ್ರ ಹೆಣ್ಣಮಕ್ಕಳು ಸೆರಗಿನಿಂದ ಕಣ್ಣ ಒರಸಿಕೊಳ್ಳತಾರ. ಹಾಡಿದವನಿಗೂ ಗಂಟಲ ಕಟ್ಟತೈತಿ. ಪದ ಒಳ್ಳೇದು, ಅದರಾಗ ಎರಡು ಮಾತಿಲ್ಲ. ತಂದೆತಾಯಿಯ ಸೇವಾ ಮಾಡ್ರಿ ಅನ್ನೂದನ್ನ ಅಷ್ಟು ಚಂದ ಹೇಳೂ ಕಥಿ ಇನ್ನೊಂದಿಲ್ಲ.

ಆದರೆ ಆ ಕಾವಡಿಯ ಎರಡು ಬುಟ್ಟಿಯೊಳಗ ಕುಳಿತವರನ್ನ ಒಮ್ಮೆ ನೋಡ್ರಿ. ಅವರಿಗೆ ಆ ಪದದಾಗ ಏನು ಕೆಲಸ ಐತಿ? ಬಾಯಾರತೈತಿ, ಅಳತಾರ, ಶಾಪ ಕೊಡತಾರ, ಸಾಯತಾರ. ಅಷ್ಟ. ಆ ಮುದುಕಗ ಹಗ್ಗ ಹೊಸಿಯಾಕ ಬರತಿತ್ತೋ, ಆ ಮುದುಕಿಗೆ ಬೀಸುಕಲ್ಲಿನ ಪದ ಬರತಿತ್ತೋ, ಯಾವ ಹಾಡಗಾರನೂ ಕೇಳಿಲ್ಲ. ಕಣ್ಣಿಲ್ಲ ಅಂದ ಕೂಡಲೆ ಅವರು ಮನುಷ್ಯರು ಹೋಗಿ ಭಾರ ಆದರು.

ನಾನು ಒಕ್ಕಲಿಗ. ಏಳನೇತ್ತಾ ತನಕ ಕಲಿತಾಂವ. ನಲವತ್ತು ವರ್ಷದ ಮೇಲಾತು, ಬಿತ್ತಿಗಿ ಮುಗಿದ ಮೇಲೆ ತುಂತುಣಿ ಹಿಡಿದು ಊರೂರು ಹಾಡತೀನಿ. ವಾಚನಾಲಯದ ಪುಸ್ತಕಕ್ಕ ಒಂದು ವಿಮರ್ಶೆಯ ಲೇಖನ ಬರೀರಿ ಅಂತ ನಮ್ಮ ಮಾಸ್ತರರು ಹೇಳಿದಾಗ, ದೊಡ್ಡ ದೊಡ್ಡ ಗ್ರಂಥಗಳ ಬಗ್ಗೆ ಬರಿಯಾಕ ನನ್ನಿಂದ ಆಗೂದಿಲ್ಲ, ನಾವು ಹಾಡೂದರ ಬಗ್ಗೆ ಬರೀತೀನಿ ಅಂದೆ. ಕಣ್ಣಿಲ್ಲದವರು, ಕಾಲಿಲ್ಲದವರು, ಕಿವಿ ಕೇಳಿಸದವರು ನಮ್ಮ ಪದದಾಗ, ಆಟದಾಗ, ಗಾದಿ ಮಾತಿನಾಗ ಹೆಂಗ ಬರತಾರ, ಊರಾಗ ಹೆಂಗ ಬದುಕತಾರ, ಇವೆರಡನ್ನೂ ಜೋಡಿಸಿ ನೋಡೂದು ಈ ಲೇಖನದ ಕೆಲಸ.

ಮೊದಲು ಗಾದಿ ನೋಡೋಣ. ಕುರುಡು ಕಣ್ಣಿಗಿಂತ ಮೆಳ್ಳೆಗಣ್ಣು ಲೇಸು ಅಂತೀವಿ. ತಿಳಿಗೇಡಿಯ ಪ್ರೀತಿಗೆ ಕುರುಡು ಮೋಹ ಅಂತೀವಿ. ದೊಡ್ಡಾಟ ಆಡಿದರೂ ಅದೇ. ಧೃತರಾಷ್ಟ್ರ ಹಿರಿಯ ಮಗ, ಆದರೂ ಕಣ್ಣಿಲ್ಲಂತ ಪಟ್ಟ ತಮ್ಮ ಪಾಂಡುವಿಗೆ ಹೋತು. ಅನ್ಯಾಯ ಅಲ್ಲೇ ಶುರು ಆತು. ಆದರೆ ನಾವು ರಂಗದ ಮ್ಯಾಲೆ ಏನು ಹೇಳತೀವಿ? ಅವನ ಕಣ್ಣು ಕುರುಡು, ಅದಕ್ಕ ಅವನ ಬುದ್ಧಿನೂ ಕುರುಡು ಅಂತ. ಮಕ್ಕಳ ಮೋಹದಾಗ ಕೆಟ್ಟವರು ಕಣ್ಣಿದ್ದವರಾಗ ಇಲ್ಲೇನು? ರಾಮಾಯಣಕ್ಕ ಹೋದರ ಮಂಥರೆಯ ಬೆನ್ನು ಗೂನು, ಹಂಗಾಗಿ ಮನಸೂ ಗೂನು. ಸಣ್ಣಾಟದಾಗ ಮಂದಿನ ನಗಸಬೇಕಂದ್ರ ಒಬ್ಬ ತೊದಲತಾನ, ಇನ್ನೊಬ್ಬ ಕುಂಟತಾನ. ಮುಂದ ಕುಂತ ಮಂದ್ಯಾಗ ಖರೇ ಕುಂಟ ಒಬ್ಬ ಕುಂತಿರತಾನ ಅನ್ನೂದು ಆಡವರಿಗೆ ನೆನಪಿರೂದಿಲ್ಲ.

ಇದು ಒಂದು ಬುಟ್ಟಿ, ಕನಿಕರ ಮತ್ತು ನಗೆಯದು. ಕಾವಡಿಗೆ ಇನ್ನೊಂದು ಬುಟ್ಟಿ ಬೇಕಲ್ಲ, ಅದು ದೇವರದು. ‘ದೇವರು ಕಣ್ಣ ಕಸಕೊಂಡ, ಕಂಠ ಕೊಟ್ಟ’ ಅಂತ ಎಷ್ಟು ಸಲ ಕೇಳಿಲ್ಲ ನಾವು! ಕಣ್ಣಿಲ್ಲದಾಂವ ಚಂದ ಹಾಡಿದರ ಸಾಕು, ಅದು ವರ, ಪೂರ್ವಜನ್ಮದ ಪುಣ್ಯ ಅಂತ ಕೈ ಮುಗೀತೀವಿ. ಇದರಾಗ ಕೆಟ್ಟದ್ದೇನು ಅಂತ ಕೇಳಬಹುದು. ಕೆಟ್ಟದ್ದು ಐತಿ. ವರ ಅಂದ್ರ ಅವನು ಪಟ್ಟ ಕಷ್ಟ ಕಾಣಸೂದಿಲ್ಲ. ಬೆಳಗಿನ ನಾಲ್ಕಕ್ಕ ಎದ್ದು ಸಾ ಹಿಡಿದದ್ದು, ಬೆರಳ ಸೀಳೂ ತನಕ ತಬಲಾ ಬಡಿದದ್ದು ಲೆಕ್ಕಕ್ಕ ಬರೂದಿಲ್ಲ. ಕಷ್ಟ ಲೆಕ್ಕಕ್ಕ ಬರದಿದ್ದರ ಕೂಲಿನೂ ಲೆಕ್ಕಕ್ಕ ಬರೂದಿಲ್ಲ. ಕನಿಕರ ಇದ್ದಲ್ಲಿ ಭಿಕ್ಷಾ ಹಾಕತೀವಿ, ಭಕ್ತಿ ಇದ್ದಲ್ಲಿ ಹಾರ ಹಾಕತೀವಿ. ದುಡಿದವನಿಗೆ ಕೂಲಿ ಕೊಡೂ ಜಾಗಾದಾಗ ಮಾತ್ರ ಅವರನ್ನ ನಿಂದರಸೂದಿಲ್ಲ. ನಮ್ಮ ಹಾಡಿನ ಮ್ಯಾಲೆ ನನ್ನ ತಕರಾರು ಇದೊಂದೇ.

ಈ ತಕರಾರಿಗೆ ಉತ್ತರ ಗದಗಿನಾಗ ಐತಿ. ಗದಗ ಅಂದ್ರ ನಮ್ಮಂಥ ಹಾಡವರಿಗೆ ಮೊದಲು ಕುಮಾರವ್ಯಾಸನ ಊರು. ವೀರನಾರಾಯಣನ ಗುಡಿಯಾಗ ಕುಳಿತು ಅವನು ಭಾರತ ಬರೆದ ಅಂತ ಹಿರಿಯರು ಹೇಳತಾರ. ಕುರುಡ ರಾಜನ ಕಥಿ ಹುಟ್ಟಿದ ಅದೇ ಊರಾಗ ಕಣ್ಣಿಲ್ಲದ ಒಬ್ಬ ಮನುಷ್ಯ ವೀರೇಶ್ವರ ಪುಣ್ಯಾಶ್ರಮ ಕಟ್ಟಿದ. ಅವರೇ ಪಂಚಾಕ್ಷರಿ ಗವಾಯಿಗಳು.

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಾಗ 1892ರಲ್ಲಿ ಹುಟ್ಟಿದರು. ಮೊದಲಿನ ಹೆಸರು ಗದಿಗೆಯ್ಯ. ಹುಟ್ಟು ಕುರುಡು, ಅಣ್ಣನೂ ಕುರುಡ. ಹಾನಗಲ್ಲ ಕುಮಾರ ಸ್ವಾಮಿಗಳು ಈ ಹುಡುಗರನ್ನ ಕಂಡು, ‘ಪಾಪ’ ಅಂತ ರೊಟ್ಟಿ ಕೊಟ್ಟು ಮುಂದ ಹೋಗಲಿಲ್ಲ, ಸಂಗೀತ ಕಲಿಸುವ ವ್ಯವಸ್ಥಾ ಮಾಡಿದರು. ಕರ್ನಾಟಕ ಸಂಗೀತ ಕಲಿತ ಮೇಲೆ ಹಿಂದುಸ್ತಾನಿ ಕಲಿಯಾಕ ಗುರು ಆದವರು ನೀಲಕಂಠಬುವಾ ಮಿರಜಕರ. ಮಿರಜ ನಮ್ಮ ಸಾಂಗಲಿ ಜಿಲ್ಲಾದಾಗ ಐತಿ. ಗಡಿ ಅನ್ನೂದು ತಲಾಠಿಯ ನಕಾಶೆಯಾಗ ಇರತೈತಿ, ಸ್ವರಕ್ಕ ಇರೂದಿಲ್ಲ. ನಮ್ಮ ಜಿಲ್ಲಾದ ಹೆಸರು ಹೊತ್ತ ಗುರುವಿನ ವಿದ್ಯಾ ಗದಗಿಗೆ ಹೋಗಿ, ಅಲ್ಲಿಂದ ನಾಡತುಂಬ ಹರಡಿತು ಅನ್ನೂದು ಗಡಿನಾಡಿನ ನಮಗ ಅಭಿಮಾನದ ಮಾತು.

ಗವಾಯಿಗಳ ದೊಡ್ಡಸ್ತಿಕೆ ಅವರು ಚಂದ ಹಾಡಿದ್ದರಾಗ ಮಾತ್ರ ಇಲ್ಲ. ತಾವು ಕಲಿತದ್ದನ್ನ ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳಿಗೆ ಕಲಿಸಿದರು. ಮಕ್ಕಳನ್ನ ಕಟ್ಟಿಕೊಂಡು ಊರೂರು ತಿರುಗಿದರು. ಊಟಕ್ಕ ದಾರಿ ಆಗಲಿ ಅಂತ ನಾಟಕ ಕಂಪನಿ ಕಟ್ಟಿದರು. ಗಮನಿಸ್ರಿ, ಬರೀ ಜೋಳಿಗಿ ಹಿಡಿದು ಕೂಡಲಿಲ್ಲ. ಪರದೆ ಕಟ್ಟಿ, ಪೇಟಿ ಬಾರಿಸಿ, ತಿಕೀಟ ಹಚ್ಚಿ ದುಡಿದರು. ಜಾತಿ ಕೇಳದೆ ಊಟ, ವಸತಿ, ವಿದ್ಯಾ ಕೊಟ್ಟರು. ಕಣ್ಣಿಲ್ಲದವರ ಜೋಡಿ ಕಣ್ಣಿದ್ದವರೂ ಕಲಿತರು. ಬಸವರಾಜ ರಾಜಗುರು ಅವರ ಶಿಷ್ಯರು. ಅಂದ್ರ ಕಣ್ಣಿಲ್ಲದಾಂವ ಕಣ್ಣಿದ್ದವನಿಗೆ ಗುರು ಆದ. ಶ್ರವಣಕುಮಾರನ ಪದದಾಗ ಇಲ್ಲದ ನುಡಿ ಇದು.

1944ರಲ್ಲಿ ಅವರು ತೀರಿಕೊಂಡ ಮೇಲೆ ಆಶ್ರಮ ಹೊತ್ತವರು ಪುಟ್ಟರಾಜ ಗವಾಯಿಗಳು. ಹುಟ್ಟಿದ್ದು 1914, ಕೂಸಿದ್ದಾಗಲೇ ಕಣ್ಣು ಹೋಗಿದ್ದವು. ಅವರು ಬಾರಿಸದ ವಾದ್ಯ ಕಡಿಮಿ. ಚುಕ್ಕಿ ಮುಟ್ಟಿ ಓದುವ ಬ್ರೈಲ್ ಲಿಪಿ ಕಲಿತರು. ಕನ್ನಡ, ಸಂಸ್ಕೃತ, ಹಿಂದಿ ಮೂರರಾಗೂ ಗ್ರಂಥ ರಚಿಸಿದರು. 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ಸೆಪ್ಟೆಂಬರದಾಗ ಲಿಂಗೈಕ್ಯರಾದರು. ಭಕ್ತರು ಅವರಿಗೆ ಊರೂರಾಗ ತುಲಾಭಾರ ಮಾಡತಿದ್ದರು. ಆ ತಕ್ಕಡಿಯಾಗ ಬಿದ್ದದ್ದು ಆಶ್ರಮದ ಮಕ್ಕಳ ಅನ್ನ ಆತು. ಮಂದಿ ಅವರನ್ನ ದೇವರ ಬುಟ್ಟಿಯಾಗ ಕೂಡಿಸಿದರು, ಅವರು ಆ ಬುಟ್ಟಿಯಿಂದಲೇ ಜ್ವಾಳ ತಗದು ಮಕ್ಕಳಿಗೆ ರೊಟ್ಟಿ ಮಾಡಿಸಿದರು. ಅಲ್ಲಿ ಕಲಿತ ಎಷ್ಟೋ ಮಂದಿ ಶಾಲಿಯಾಗ ಸಂಗೀತ ಮಾಸ್ತರರಾದರು, ಆಕಾಶವಾಣಿಯಾಗ ಹಾಡಿದರು, ಕೀರ್ತನ ಪುರಾಣಕ್ಕ ತಬಲಾ ಪೇಟಿ ಸಾಥ ಕೊಟ್ಟು ಸಂಸಾರ ನಡಿಸಿದರು. ನಮ್ಮ ಕಡೆ ಶ್ರಾವಣದ ಪುರಾಣಕ್ಕ ಬರುವ ಗವಾಯಿಗಳನ್ನ ನೋಡ್ರಿ, ಗದಗಿನ ಹೆಸರು ಹೇಳವರು ಒಬ್ಬರಾದರೂ ಇರತಾರ.

ಈ ಕಥಿಯ ಮ್ಯಾಲೆ ಸಿನಿಮಾನೂ ಬಂತು. 1995ರ ‘ಗಾನಯೋಗಿ ಪಂಚಾಕ್ಷರಿ ಗವಾಯಿ’, ಚಿಂದೋಡಿ ಬಂಗಾರೇಶ ಅವರ ನಿರ್ದೇಶನ. ಹಂಸಲೇಖರ ಸಂಗೀತಕ್ಕೂ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಹಾಡಿಗೂ ರಾಷ್ಟ್ರಪ್ರಶಸ್ತಿ ಸಿಕ್ಕವು. ಒಳ್ಳೇ ಕೆಲಸ, ಆ ಹಾಡು ಹಾಡೂದು ನಮ್ಮಂಥವರ ಕೈಯಾಗಿನ ಮಾತಲ್ಲ. ನನ್ನ ವಿಮರ್ಶೆ ಸಿನಿಮಾದ ಮ್ಯಾಲೆ ಇಲ್ಲ, ನೋಡಿದ ನಮ್ಮ ಮ್ಯಾಲೆ ಐತಿ. ನಾವು ಆ ಹಾಡಿಗೆ ತಲೆದೂಗಿ, ಗವಾಯಿಗಳ ಫೋಟೋಕ್ಕ ಕೈ ಮುಗಿದು ಮನಿಗೆ ಬಂದೆವು. ನಮ್ಮೂರಾಗ ಕಟ್ಟಿ ಮ್ಯಾಲೆ ಸುಮ್ಮನ ಕುಂತ ಕಣ್ಣಿಲ್ಲದ ಹುಡುಗನ ತಂದಿಗೆ, ‘ಇವನಿಗೂ ಏನರೆ ಕಲಸೋಣು’ ಅಂತ ಎಷ್ಟು ಮಂದಿ ಹೇಳಿದೆವು? ಯೋಗಿ ಅಂತ ಕರೆದಮೇಲೆ ನಮಗೂ ಅವರಿಗೂ ಸಂಬಂಧ ಮುಗೀತು ಅನ್ನೂ ಹಂಗ ಆತು.

ಇಲ್ಲೊಂದು ಎದುರು ಮಾತು ಬರತೈತಿ. ಎಲ್ಲಾರೂ ಗವಾಯಿ ಆಗತಾರೇನು? ಖರೇ, ಆಗೂದಿಲ್ಲ. ಕಣ್ಣಿಲ್ಲದವರಿಗೆಲ್ಲ ಸಂಗೀತ ತಾನಾಗೇ ಬರತೈತಿ ಅನ್ನೂದೂ ಸುಳ್ಳು. ಕಣ್ಣಿದ್ದವರಾಗ ಎಷ್ಟು ಬೇಸೂರಿನವರು ಅದಾರೋ ಅವರಾಗೂ ಅಷ್ಟೇ ಅದಾರ. ಗದಗಿನಿಂದ ಕಲಿಯೂದು ರಾಗ ಅಲ್ಲ, ರೀತಿ. ಆ ಮನುಷ್ಯಗ ಏನು ಬರಬಹುದು ಅಂತ ನೋಡು, ಕಲಿಸು, ಕೆಲಸ ಕೊಡು, ಪೂರಾ ಕೂಲಿ ಕೊಡು.

ಪೂರಾ ಕೂಲಿ ಅಂದದ್ದಕ್ಕ ಕಾರಣ ಐತಿ. ಗುಡ್ಡಾಪುರ ದಾನಮ್ಮನ ಜಾತ್ರಿಗೆ ಹೋಗೂ ದಾರಿಯಾಗ ಒಂದು ಮೇಳದ ಭಜನಿ ನಡದಿತ್ತು. ಪೇಟಿ ಬಾರಸಾಂವಗ ಕಣ್ಣಿಲ್ಲ. ದಕ್ಷಿಣಿ ಹಂಚೂ ಮುಂದ ಅವನಿಗೆ ಅರ್ಧ ಪಾಲು ಕೊಟ್ಟರು. ‘ನಿನಗೇನು ಖರ್ಚಪಾ, ಅಣ್ಣ ಉಣ್ಣಾಕ ಹಾಕತಾನ’ ಅಂದರು. ಅವನು ಜಗಳಾ ತಗೀಲಿಲ್ಲ. ಮರುದಿನ ರಾತ್ರಿ ಪದ ಏರಿಗೆ ಬಂದಿತ್ತು, ಅರ್ಧಕ್ಕ ಪೇಟಿ ನಿಂದರಿಸಿ ಕೈ ಕಟ್ಟಿಕೊಂಡು ಕುಂತ. ಹಾಡಾಂವ ಸೂರು ತಪ್ಪಿ ತಡಬಡಿಸಿದ. ‘ಯಾಕೋ?’ ಅಂದರ, ‘ಅರ್ಧ ಪಾಲಿನ ಪೇಟಿ ಮುಗೀತು’ ಅಂದ. ಕೇಳಾಕ ಕುಂತ ನಾವು ಹೊಟ್ಟಿ ಹಿಡಕೊಂಡು ನಕ್ಕೆವು. ಅವತ್ತಿನಿಂದ ಅವನ ಪಾಲು ಪೂರಾ ಆತು. ನನ್ನ ಪ್ರಕಾರ ಗಡಿನಾಡಿನ ಭಜನಿಯ ಮ್ಯಾಲೆ ಆದ ಎಲ್ಲಕ್ಕಿಂತ ಒಳ್ಳೇ ವಿಮರ್ಶೆ ಅದು.

ಸಂಗೀತ ಬಿಟ್ಟು ಬರ್ರಿ. ಪೋಲಿಯೋದಾಗ ಕಾಲು ಹೋದವರು ನಮ್ಮ ಹಳ್ಳ್ಯಾಗ ಈಗ ಮಧ್ಯವಯಸ್ಸಿನವರು. 2014ರಲ್ಲಿ ಭಾರತ ಪೋಲಿಯೋ ಮುಕ್ತ ಅಂತ ಘೋಷಣೆ ಆತು, ಮುಂದಿನ ಮಕ್ಕಳಿಗೆ ಆ ಕಾಟ ತಪ್ಪಿತು. ಆದರೆ ಮೊದಲೇ ಹೊಡೆತ ತಿಂದವರು ಎಲ್ಲಿ ಹೋಗಬೇಕು? ನಮ್ಮ ಕಡೆ ಅಂಥವನೊಬ್ಬ ಬೋರಿನ ಮೋಟಾರು ಸುತ್ತತಾನ. ಜತ್ತ ಅಂದ್ರ ಬರಗಾಲದ ಸೀಮೆ. ಬ್ಯಾಸಗಿಯಾಗ ಮೋಟಾರು ಸುಟ್ಟು ದಾಳಿಂಬ್ರಿ ಗಿಡ ಒಣಗೂ ಮುಂದ, ಎರಡು ಕಾಲು ಗಟ್ಟಿ ಇದ್ದ ನಾವು ಅವನ ಅಂಗಡಿ ಮುಂದ ಸಾಲು ಹಚ್ಚತೀವಿ. ಅವನು ತಂತಿ ಸುತ್ತಿ ಕೊಟ್ಟರ ನಮ್ಮ ಹೊಲಕ್ಕ ನೀರು. ಈಗ ಹೇಳ್ರಿ, ಕಾವಡಿ ಯಾರು ಹೊತ್ತಾರ, ಬುಟ್ಟ್ಯಾಗ ಯಾರು ಕುಂತಾರ? ಆದರೆ ಅವನ ಮ್ಯಾಲೆ ಒಂದು ಪದ ಇಲ್ಲ. ಕಿವಿ ಕೇಳಿಸದ ಹೆಣ್ಣಮಗಳು ಹೊಲಿಗಿ ಹೊಲಿದು ತಂಗಿಯ ಮದುವಿ ಮಾಡಿದ್ದರ ಮ್ಯಾಲೂ ಪದ ಇಲ್ಲ.

ಸರಕಾರ ಹೆಸರು ಬದಲಿಸತಾ ಬಂತು. ಅಂಗವಿಕಲ ಹೋಗಿ ಕನ್ನಡದಾಗ ವಿಕಲಚೇತನ ಆತು, ನಮ್ಮ ಮಹಾರಾಷ್ಟ್ರದ ಕಾಗದದಾಗ ಅಪಂಗ ಹೋಗಿ ದಿವ್ಯಾಂಗ ಆತು. ಮತ್ತೆ ಅದೇ ದೇವರ ಬುಟ್ಟಿ! ಹೆಸರು ದಿವ್ಯ ಆದರೂ ಕಚೇರಿಯ ಮೆಟ್ಟಲು ಹಂಗೇ ಇದ್ದರ ಏನು ಬಂತು? ಕಾಯದೆ ಮಾತ್ರ ಗಟ್ಟಿ ಐತಿ. 2016ರ ಕಾಯದೆ 21 ತರಹದ ನ್ಯೂನತೆಗಳನ್ನ ಒಪ್ಪೈತಿ. ಶೇ. 40ಕ್ಕಿಂತ ಕಡಿಮಿ ಇಲ್ಲದ ನ್ಯೂನತೆ ಇದ್ದವರಿಗೆ ಸರಕಾರಿ ನೌಕರಿಯಾಗ ಶೇ. 4 ಮೀಸಲು ಇಟ್ಟೈತಿ. ಗ್ರಾಮಪಂಚಾಯತಿ ತನ್ನ ಸ್ವಂತ ಉತ್ಪನ್ನದಾಗ ಶೇ. 5 ಇವರಿಗಾಗಿ ಖರ್ಚು ಮಾಡಬೇಕು ಅಂತ ನಮ್ಮ ರಾಜ್ಯದಾಗ ಆದೇಶ ಐತಿ. ಇದು ದಾನ ಅಲ್ಲ, ಹಕ್ಕಿನ ಪಾಲು. ಆದರೆ ಅರ್ಜಿ ಮರಾಠಿಯಾಗ, ಕನ್ನಡ ಶಾಲಿ ಕಲಿತವಗ ಓದಾಕ ಬರೂದಿಲ್ಲ. ಮಾಸ್ತರರು ವಾರಕ್ಕೊಂದು ತಾಸು ವಾಚನಾಲಯದಾಗ ಕುಂತು ಆ ಅರ್ಜಿ ತುಂಬಿಕೊಟ್ಟರ, ಅದು ಹತ್ತು ಭಾಷಣಕ್ಕ ಸಮ. ಗ್ರಾಮಸಭಾದಾಗ ಆ ಶೇ. 5ರ ಲೆಕ್ಕ ಕೇಳೂದು ನಮ್ಮ ಕೆಲಸ.

ಹಾಡವರ ಕೆಲಸ ಬ್ಯಾರೆ ಐತಿ. ಹರದೇಶಿಯವರು ಗಂಡು ಹೆಚ್ಚು ಅಂತ, ನಾಗೇಶಿಯವರು ಹೆಣ್ಣು ಹೆಚ್ಚು ಅಂತ ಬೆಳತನಕ ವಾದ ಹಾಡತಾರ. ಸವಾಲು ಜವಾಬು ನಮ್ಮ ಸೀಮೆಯ ಆಸ್ತಿ. ಆ ಕಣಕ್ಕ ಒಂದು ಹೊಸ ಸವಾಲು ತರೋಣ: ಊರಾಗ ಯಾರು ಯಾರನ್ನ ಹೊರತಾರ? ಶ್ರವಣಕುಮಾರನ ಪದ ಬಿಡೂದು ಬ್ಯಾಡ. ಆದರೆ ಆ ಮುದುಕ ಮುದುಕಿಗೂ ಒಂದೊಂದು ನುಡಿ ಕೊಡೋಣ, ಅವರಿಗೆ ಏನು ಬರತಿತ್ತು ಅನ್ನೂದನ್ನ ಅವರ ಬಾಯಿಂದ ಹಾಡಿಸೋಣ. ತೊದಲುವವನ ಮ್ಯಾಲೆ ನಗಸೂದು ಬಿಟ್ಟರ ಸಣ್ಣಾಟ ಸತ್ತು ಹೋಗೂದಿಲ್ಲ, ನಗಸಾಕ ಸಾಹುಕಾರರು, ಪುಢಾರಿಗಳು ಬೇಕಾದಷ್ಟು ಅದಾರ.

ಕಡೀಮಾತು, ಈ ಪುಸ್ತಕ ಅಚ್ಚು ಹಾಕಿದ ವಾಚನಾಲಯಕ್ಕ. ನಮ್ಮ ಬಾಗಿಲಿಗೆ ಮೂರು ಮೆಟ್ಟಲು ಅದಾವ, ಹಿಡಿಯಾಕ ಕಂಬಿ ಇಲ್ಲ. ಮೋಟಾರು ಸುತ್ತಾಂವ ಪೇಪರು ಓದಾಕ ಬಂದರ ಹೊರಗ ನಿಂತು ಯಾರನ್ನಾದರೂ ಕರೀಬೇಕು. ಒಂದು ಚೀಲ ಸಿಮೆಂಟು, ಒಂದು ಬಂಡಿ ಉಸುಕು, ಒಬ್ಬ ಗೌಂಡಿಯ ಒಂದು ದಿನದ ಕೆಲಸ. ಉಸುಕು ಮತ್ತು ಬಂಡಿ ನನ್ನದು. ಉಳಿದದ್ದಕ್ಕ ಯಾರು ಮುಂದ ಬರತೀರಿ ಹೇಳ್ರಿ.