ಬಡಗರನ್ನು ಓದಿದವರು ಯಾವ ವಿಭಾಗದವರು? ನೀಲಗಿರಿ ಅಧ್ಯಯನಗಳ ಕುರಿತು ಒಂದು ವಿಮರ್ಶೆ

ಗಡಿಯಾಚೆಯ ಕನ್ನಡದ ಬಗ್ಗೆ ಯಾವ ಯಾವ ಶಿಸ್ತಿನಲ್ಲಿ ಸಂಶೋಧನೆ ಸಾಧ್ಯ ಅನ್ನೋದು ನನಗೆ ಕೊಟ್ಟ ವಿಷಯ. ಇಡೀ ಗಡಿಯನ್ನು ಇಪ್ಪತ್ತು ನಿಮಿಷದಲ್ಲಿ ಸುತ್ತೋಕಾಗಲ್ಲ. ಹಾಗಾಗಿ ನೀಲಗಿರಿಯೊಂದನ್ನೇ, ಅದರಲ್ಲೂ ಬಡಗರ ಬಗ್ಗೆ ನಡೆದ ಅಧ್ಯಯನಗಳನ್ನೇ ಮುಖ್ಯವಾಗಿ ಇಟ್ಟುಕೊಂಡು ಮಾತಾಡ್ತೇನೆ.

ನಮ್ಮ ಕನ್ನಡ ವಿಭಾಗಗಳಲ್ಲಿ ಬಡಗರ ಮಾತು ಬಂದ ಕೂಡಲೇ ಏಳುವ ಪ್ರಶ್ನೆ ಒಂದೇ. ಅವರ ನುಡಿ ಕನ್ನಡದ ಉಪಭಾಷೆಯೋ, ಸ್ವತಂತ್ರ ಭಾಷೆಯೋ? ಜನಗಣತಿ ಅದನ್ನು ಕನ್ನಡದ ಕೆಳಗೆ ಒಂದು ತಾಯ್ನುಡಿಯಾಗಿ ಎಣಿಸುತ್ತದೆ. ಬಡಗರಲ್ಲಿ ಅನೇಕರು ತಮ್ಮದು ಬೇರೆ ಭಾಷೆ ಎನ್ನುತ್ತಾರೆ. ನಾವು ಎರಡರಲ್ಲಿ ಒಂದು ಪಕ್ಷ ಹಿಡಿದು ಪ್ರಬಂಧ ಮುಗಿಸ್ತೇವೆ. ಈ ಪ್ರಶ್ನೆ ತಪ್ಪು ಅಂತ ನಾನು ಹೇಳ್ತಾ ಇಲ್ಲ. ಆದರೆ ಆ ಬೆಟ್ಟದ ಬಗ್ಗೆ ಕೇಳಬಹುದಾದ ಪ್ರಶ್ನೆಗಳಲ್ಲಿ ಇದು ತೀರಾ ಬಡವಾದದ್ದು ಅಂತ ನನ್ನ ಅಭಿಪ್ರಾಯ. ಬೇರೆ ಶಿಸ್ತುಗಳವರು ಅಲ್ಲಿಗೆ ಹೋಗಿ ಏನು ಕೇಳಿದರು ಅಂತ ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಮೊದಲು ಮರ್ರೆ ಎಮಿನೋ. ಕೆನಡಾದವರು, ಯೇಲ್ ವಿಶ್ವವಿದ್ಯಾಲಯದಲ್ಲಿ ಸಂಸ್ಕೃತ ಓದಿದವರು. ವೇತಾಲಪಂಚವಿಂಶತಿಯ ಮೇಲೆ 1931ರಲ್ಲಿ ಪಿಎಚ್.ಡಿ. ಅಮೆರಿಕದಲ್ಲಿ ಆರ್ಥಿಕ ಕುಸಿತದ ಕಾಲ ಅದು. ಎಡ್ವರ್ಡ್ ಸಪೀರರ ಸಂಪರ್ಕದಿಂದ ಭಾಷಾಶಾಸ್ತ್ರಕ್ಕೆ ಹೊರಳಿ, ತೋಡರ ನುಡಿಯನ್ನು ಅಭ್ಯಾಸ ಮಾಡಲು 1935ರಲ್ಲಿ ನೀಲಗಿರಿಗೆ ಬಂದರು. ಮೂರು ವರ್ಷ ಕ್ಷೇತ್ರಕಾರ್ಯ. ತೋಡ, ಕೋಟ, ಕೊಡವ, ಬಡಗ ನುಡಿಗಳನ್ನೆಲ್ಲ ಕಿವಿಗೊಟ್ಟು ಕೇಳಿದರು. ಮುಂದೆ ಬರ್ಕ್ಲಿಯಲ್ಲಿ ಭಾಷಾಶಾಸ್ತ್ರದ ವಿಭಾಗ ಕಟ್ಟಿದ್ದು, ಥಾಮಸ್ ಬರೋ ಜೊತೆ 1961ರಲ್ಲಿ ದ್ರಾವಿಡ ವ್ಯುತ್ಪತ್ತಿ ಕೋಶ ತಂದದ್ದು, ಭಾರತವನ್ನೇ ಒಂದು ಭಾಷಾವಲಯವಾಗಿ ನೋಡಬೇಕು ಅಂತ 1956ರಲ್ಲಿ ವಾದಿಸಿದ್ದು, ಇವಕ್ಕೆಲ್ಲ ಆ ಮೂರು ವರ್ಷಗಳು ಬುನಾದಿ.

ಬಡಗ ನುಡಿಯ ಸ್ವರಗಳ ಬಗ್ಗೆ ಅವರು 1939ರಲ್ಲಿ ಒಂದು ಸಣ್ಣ ಲೇಖನ ಬರೆದರು. ನಮಗೆ ಮೂರ್ಧನ್ಯ ಅಂದ್ರೆ ವ್ಯಂಜನ: ಟ, ಡ, ಣ, ಳ. ಬಡಗ ನುಡಿಯಲ್ಲಿ ಸ್ವರಗಳೇ ಮೂರ್ಧನ್ಯವಾಗುತ್ತವೆ, ಅದೂ ಎರಡು ಮಟ್ಟದಲ್ಲಿ ಅಂತ ಅವರು ತೋರಿಸಿದರು. ನಾಲಗೆ ಸ್ವಲ್ಪ ಮಡಚಿದರೆ ಒಂದು ಅರ್ಥ, ಇನ್ನಷ್ಟು ಮಡಚಿದರೆ ಇನ್ನೊಂದು. ಇದನ್ನು ಬರೆಯೋಕೆ ಕನ್ನಡ ಲಿಪಿಯಲ್ಲಿ ಗುರುತೇ ಇಲ್ಲ. ನಮ್ಮಂಥವರು ಯಾರಾದರೂ ನೋಟ್‌ಬುಕ್ ಹಿಡ್ಕೊಂಡು ಹೋಗಿ ಕನ್ನಡ ಅಕ್ಷರದಲ್ಲಿ ಬರ್ಕೊಂಡು ಬಂದಿದ್ದರೆ ಈ ವ್ಯತ್ಯಾಸ ಪುಟದ ಮೇಲೆ ಬರುತ್ತಲೇ ಇರಲಿಲ್ಲ. 'ಕನ್ನಡದ ಹಾಗೇ ಇದೆ' ಅಂತ ತೀರ್ಪು ಕೊಟ್ಟು ಬಸ್ ಹತ್ತುತ್ತಿದ್ದೆವು. ಇವತ್ತು ಹೆಚ್ಚಿನ ಬಡಗರ ಮಾತಿನಲ್ಲಿ ಈ ಸ್ವರಗಳು ಸವೆದು ಹೋಗಿವೆ. ಅವು ಹೆಚ್ಚು ಬಳಕೆಯಲ್ಲಿದ್ದ ಕಾಲದಲ್ಲಿ ಕಿವಿ ತರಬೇತಾಗಿದ್ದ ಒಬ್ಬರು ಅಲ್ಲಿದ್ದರು, ಅಷ್ಟೇ.

ಇನ್ನೊಂದು ಸಂಗತಿ ಹಕಾರದ್ದು. ತೋಡ, ಕೋಟ ನುಡಿಗಳಲ್ಲಿ ಹಳೆಯ ಪಕಾರ ಉಳಿದಿದೆ. ಬಡಗರದು ನಮ್ಮ ಹಾಗೆ ಹಾಲು, ಹಟ್ಟಿ. ಹಳಗನ್ನಡದ ಪಾಲ್ ಹಾಲಾದದ್ದು ನಡುಗನ್ನಡದ ಹೊತ್ತಿಗೆ. ಅಂದರೆ ಆ ಬದಲಾವಣೆ ಆದ ಮೇಲೆ ಇವರು ಬಯಲಿನಿಂದ ಬೆಟ್ಟ ಹತ್ತಿರಬೇಕು ಅನ್ನೋದು ವಾದ. ಬಡಗ ಅಂದರೆ ಬಡಗಣದವರು, ವಿಜಯನಗರ ಬಿದ್ದ ಮೇಲೆ ಮೈಸೂರು ಸೀಮೆಯಿಂದ ಬಂದವರು ಅನ್ನುವ ಇತಿಹಾಸಕ್ಕೆ ಇದು ಹೊಂದುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಬಡಗರು ಬಹುಕಾಲದಿಂದ ಪರಿಶಿಷ್ಟ ಪಂಗಡದ ಸ್ಥಾನ ಕೇಳ್ತಾ ಇದ್ದಾರೆ. ತಾವು ಬೆಟ್ಟದ ಮೂಲದವರೇ ಅಂತ ವಾದಿಸುವವರು ಅವರಲ್ಲಿದ್ದಾರೆ. ಹಾಗಿರುವಾಗ ಒಂದು ವ್ಯಂಜನದ ಚರಿತ್ರೆ ಒಂದು ಸಮುದಾಯದ ಅರ್ಜಿಗೆ ಎದುರು ಸಾಕ್ಷಿಯಾಗಿ ನಿಲ್ಲಬಹುದು. ಧ್ವನಿ ಬದಲಾವಣೆ ವಲಸೆಯಿಂದಲೇ ಬರಬೇಕೆಂದಿಲ್ಲ, ಒಡನಾಟದಿಂದಲೂ ಹರಡುತ್ತದೆ. ಇದು ಭಾಷಾಶಾಸ್ತ್ರಜ್ಞರಿಗೆ ಗೊತ್ತು. ಅದನ್ನು ಎತ್ತಿ ಬಳಸುವ ಇತಿಹಾಸಕಾರರು ಮರೆತುಬಿಡ್ತಾರೆ. ಒಂದು ಶಿಸ್ತಿನಲ್ಲಿ 'ಸಂಭವ' ಆಗಿದ್ದದ್ದು ಪಕ್ಕದ ಶಿಸ್ತಿಗೆ ದಾಟುವಾಗ 'ಸತ್ಯ' ಆಗಿಬಿಡುತ್ತದೆ. ಅಂತರ್‌ಶಿಸ್ತೀಯ ಅಂತ ನಾವು ಹೊಗಳುವ ಕೆಲಸದಲ್ಲಿ ಇದು ನಿಜವಾದ ಅಪಾಯ.

ಪಾಲ್ ಹಾಕಿಂಗ್ಸ್ ಮಾನವಶಾಸ್ತ್ರದವರು. 1960ರ ದಶಕದಿಂದ ಅವರ ಇಡೀ ವೃತ್ತಿಜೀವನ ಬಡಗರ ಸುತ್ತಲೇ ನಡೆಯಿತು. 1980ರಲ್ಲಿ ಸಾಮಾಜಿಕ ಚರಿತ್ರೆ, ಅದೇ ವರ್ಷ ರೋಗ ಮತ್ತು ಔಷಧದ ಮೇಲೊಂದು ಪುಸ್ತಕ, 1988ರಲ್ಲಿ ಗಾದೆ, ಪ್ರಾರ್ಥನೆ, ಶಕುನ, ಶಾಪಗಳ ಸಂಗ್ರಹ, 1992ರಲ್ಲಿ ಕ್ರಿಸ್ಟಿಯಾನ್ ಪಿಲೊ–ರಾಯಚೂರ್ ಜೊತೆ ಬಡಗ–ಇಂಗ್ಲಿಷ್ ನಿಘಂಟು, 1999ರಲ್ಲಿ ಕುಟುಂಬ ಮತ್ತು ಜನಸಂಖ್ಯೆ, 2001ರಲ್ಲಿ ಸಾವಿನ ಆಚರಣೆ. ಅದೇ ಹಟ್ಟಿಗಳಿಗೆ ಮತ್ತೆ ಮತ್ತೆ ಹೋಗಿ, ಮನೆಮನೆ ಎಣಿಸಿ, ಎಷ್ಟು ಮಕ್ಕಳು, ಯಾರು ಊರು ಬಿಟ್ಟರು ಅಂತ ದಶಕಗಳ ಲೆಕ್ಕ ಇಟ್ಟಿದ್ದಾರೆ. ಈ ತಾಳ್ಮೆಗೆ ನಾನು ತಲೆಬಾಗುತ್ತೇನೆ. ಮೂರು ವರ್ಷದ ಫೆಲೋಶಿಪ್ಪಿನಲ್ಲಿ ನಾಲ್ಕು ತಾಲೂಕು ಮುಗಿಸುವ ನಮಗೆ ಒಂದೇ ಹಟ್ಟಿಗೆ ಮತ್ತೆ ಹೋಗುವುದು ಅಂದ್ರೆ 'ಹೊಸದೇನಿದೆ?' ಅಂತ ಅನ್ಸುತ್ತೆ.

ಆದರೂ ಎರಡು ತಕರಾರು ಇದೆ. 1980ರ ಆ ಚರಿತ್ರೆಯ ಹೆಸರೇ ಬಡಗರನ್ನು 'ಪ್ರಾಚೀನ ಹಿಂದೂ ನಿರಾಶ್ರಿತರು' ಎಂದು ಕರೆಯುತ್ತದೆ. ನಾಲ್ಕು ಶತಮಾನ ಉತ್ತು ಬಿತ್ತಿದವರು, ತೋಡರಿಗೂ ಕೋಟರಿಗೂ ಕುರುಂಬರಿಗೂ ಧಾನ್ಯ ಕೊಟ್ಟವರು, ಬೆಟ್ಟದ ಜನರೆಲ್ಲ ಪರಸ್ಪರ ಮಾತಾಡಲು ಬಳಸಿದ ನುಡಿ ಯಾರದೋ ಅವರು, ಇವರನ್ನು ಬಂದ ದಿನದ ಹೆಸರಿನಿಂದಲೇ ಕರೆಯುವುದು ನ್ಯಾಯವಲ್ಲ. ಎರಡನೆಯದು ನಿಘಂಟಿನ ಬಗ್ಗೆ. ಒಳ್ಳೆಯ ನಿಘಂಟು, ಅನುಮಾನವೇ ಇಲ್ಲ. ಆದರೆ ಹಟ್ಟಿಯ ಹುಡುಗಿಯೊಬ್ಬಳು ತನ್ನ ಅಜ್ಜಿ ಆಡಿದ ಪದವನ್ನು ಅದರಲ್ಲಿ ಹುಡುಕಬೇಕಾದರೆ ಇಂಗ್ಲಿಷಿನ ಮೂಲಕವೇ ಹೋಗಬೇಕು. ಅದು ನೆರವಾಗೋದು ಮೊದಲು ದೂರದ ವಿದ್ವಾಂಸರಿಗೆ.

ಡಬ್ಲ್ಯು. ಎಚ್. ಆರ್. ರಿವರ್ಸ್ ಬಗ್ಗೆ ಒಂದೇ ಮಾತು. ವೈದ್ಯ, ಆಮೇಲೆ ಮನಶ್ಶಾಸ್ತ್ರಜ್ಞ. ತೋಡರ ಇಂದ್ರಿಯಶಕ್ತಿ ಪರೀಕ್ಷೆ ಮಾಡಿದವರು 1906ರಲ್ಲಿ ಅವರ ವಂಶಾವಳಿಗಳ ದೊಡ್ಡ ಪುಸ್ತಕ ಬರೆದು ಮಾನವಶಾಸ್ತ್ರಜ್ಞರಾದರು. ಅದೇ ಬೆಟ್ಟಗಳಿಗೆ ರಕ್ತದ ಪರೀಕ್ಷೆಗೆ ಹೋದವರೂ ಇದ್ದಾರೆ. ಭಾರತದಲ್ಲಿ ಕುಡಗೋಲು ಕಣದ ಲಕ್ಷಣವನ್ನು ಮೊದಲು ವರದಿ ಮಾಡಿದ್ದು ನೀಲಗಿರಿಯ ಆದಿವಾಸಿಗಳಲ್ಲಿ, 1952ರಲ್ಲಿ, ಲೇಮನ್ ಮತ್ತು ಕಟ್‌ಬುಶ್. ಈಗ ವಯನಾಡಿನಲ್ಲೂ ಗೂಡಲೂರಿನಲ್ಲೂ ಅದು ಸಾರ್ವಜನಿಕ ಆರೋಗ್ಯದ ದೊಡ್ಡ ಕೆಲಸ. ಗಂಡು ಹೆಣ್ಣು ಇಬ್ಬರಲ್ಲೂ ಆ ಲಕ್ಷಣವಿದ್ದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇದನ್ನು ಬೆಟ್ಟಕುರುಂಬರ ಮನೆಯಲ್ಲಿ ಕೂತು ಯಾವ ಮಾತಿನಲ್ಲಿ ಹೇಳ್ತೀರಿ? 'ಸಾಧ್ಯತೆ' ಅನ್ನೋದಕ್ಕೆ ಅವರಲ್ಲಿ ಏನಂತಾರೆ? ಇದು ನುಡಿಯ ಅಧ್ಯಯನವೂ ಹೌದು, ಆಸ್ಪತ್ರೆಯ ಕೆಲಸವೂ ಹೌದು. ನಮ್ಮ ವಿಭಾಗದ ವಿಷಯಪಟ್ಟಿಯಲ್ಲಿ ಇಂಥದ್ದಕ್ಕೆ ಜಾಗವಿಲ್ಲ.

ಹೊರಗಿನವರೇ ಮಾಡಿದರು ಅಂತ ಕೊರಗಬೇಕಿಲ್ಲ. ಪುತ್ತೂರು ಕಡೆಯ ಡಿ. ಎನ್. ಶಂಕರ ಭಟ್ಟರು ಪುಣೆಯ ಡೆಕ್ಕನ್ ಕಾಲೇಜಿನಿಂದ 1971ರಲ್ಲಿ ಕೊರಗ ಭಾಷೆಯ ಮೇಲೆ ಪುಸ್ತಕ ತಂದರು. ಬೋಡೊ, ತಾಂಖುಲ್ ನಾಗಾ, ಮಣಿಪುರಿಯ ಮೇಲೂ ಕೆಲಸ ಮಾಡಿದರು. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು ಅಂತ ಅವರು ಹೇಳುವಾಗ ಆ ಮಾತಿನ ಹಿಂದೆ ಈಶಾನ್ಯದ ಭಾಷೆಗಳ ಅನುಭವವೂ ಇತ್ತು. ಸೊಲ್ಲಾಪುರದ ಗೆಳೆಯರಿಗೆ ಶ್ರೀನಿವಾಸ ರಿತ್ತಿ ಮತ್ತು ಆನಂದ ಕುಂಭಾರ ಅವರ ಶಾಸನ ಸಂಪುಟ ಗೊತ್ತೇ ಇದೆ.

ಹಾಗಾದ್ರೆ ನಮ್ಮ ಹುಡುಗರು ಯಾಕೆ ಹೋಗಲ್ಲ? ಕಾರಣ ಹೊಟ್ಟೆಪಾಡು. ನೆಟ್ ಪರೀಕ್ಷೆಯಲ್ಲಿ ಕನ್ನಡ ಒಂದು ವಿಷಯ, ಭಾಷಾಶಾಸ್ತ್ರ ಇನ್ನೊಂದು, ಮಾನವಶಾಸ್ತ್ರ ಮತ್ತೊಂದು. ನಮ್ಮ ತಾಳವಾಡಿಯಲ್ಲಿ ಕನ್ನಡ ಎಂ.ಎ. ಮುಗಿಸಿದವನು ಹೊರಳಿದರೆ 'ಎರಡೂ ಕಡೆ ಇಲ್ಲದವನಾಗ್ತಾನೆ' ಅಂತ ಮನೆಯವರೂ ಹೇಳ್ತಾರೆ, ಮಾರ್ಗದರ್ಶಕರೂ ಹೇಳ್ತಾರೆ. ಗಡಿಯಾಚೆ ಕನ್ನಡದ ಹುದ್ದೆಗಳು ಎಷ್ಟಿವೆ ಅಂತ ಇಲ್ಲಿರುವ ಎಲ್ಲರಿಗೂ ಗೊತ್ತು. ಆ ಬೆರಳೆಣಿಕೆಯ ಕುರ್ಚಿಗಳಿಗಾಗಿ ಎಲ್ಲರೂ ಒಂದೇ ಥರದ ಪ್ರಬಂಧ ಬರೀತಾ ಇದ್ದೇವೆ. ಮೈಸೂರಿನಲ್ಲೇ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ ಇದೆ, ಮಾನವಶಾಸ್ತ್ರ ಸರ್ವೇಕ್ಷಣೆಯ ಪ್ರಾದೇಶಿಕ ಕೇಂದ್ರ ಇದೆ. ಊಟಿ ಹತ್ತಿರ ಎಂ. ಪಾಲಾಡದಲ್ಲಿ ತಮಿಳುನಾಡಿನ ಬುಡಕಟ್ಟು ಸಂಶೋಧನಾ ಕೇಂದ್ರ ಇದೆ. ತಮಿಳು ಓದಬಲ್ಲ, ಕನ್ನಡ ಆಡಬಲ್ಲ, ಬೆಟ್ಟದ ನುಡಿ ಕೇಳಿ ಬೆಳೆದ ನಮ್ಮಂಥವರಿಗೆ ಅಲ್ಲಿ ಕೆಲಸವಿದೆ. ಧ್ವನಿಶಾಸ್ತ್ರದ ಒಂದು ಪತ್ರಿಕೆಯನ್ನಾದರೂ ಎಂ.ಎ. ಹಂತದಲ್ಲಿ ಕಡ್ಡಾಯ ಮಾಡಿ ಅಂತ ಅಧ್ಯಾಪಕರಲ್ಲಿ ಕೇಳ್ತೇನೆ. ಇದು ವಿನಂತಿ ಅಲ್ಲ, ಸ್ವಲ್ಪ ಜಗಳವೇ.

ಚಾಟ್‌ನಲ್ಲಿ ಒಂದು ಪ್ರಶ್ನೆ ಬಂದಿದೆ: ಹಾಗಾದರೆ ಸಾಹಿತ್ಯ ವಿಮರ್ಶೆಗೆ ಅಲ್ಲಿ ಕೆಲಸವೇ ಇಲ್ಲವೇ? ಇದೆ ಸರ್, ಬೇಕಾದಷ್ಟಿದೆ. ಬಡಗರ ಸಾವಿನ ಮನೆಯಲ್ಲಿ ಸತ್ತವರ ಪಾಪಗಳನ್ನು ಒಬ್ಬರು ಒಂದೊಂದಾಗಿ ಹೇಳ್ತಾರೆ, ನೆರೆದವರು ಮರುದನಿ ಕೊಡ್ತಾರೆ. ಹಾವು, ಹಲ್ಲಿ ಕೊಂದದ್ದೂ ಅದರಲ್ಲಿ ಬರುತ್ತದೆ, ಹೊಲದ ಎಲ್ಲೆ ಸರಿಸಿದ್ದೂ ಬರುತ್ತದೆ. ಹತ್ತೊಂಬತ್ತನೇ ಶತಮಾನದಿಂದ ಇದು ದಾಖಲಾಗಿದೆ. ಹಾಕಿಂಗ್ಸ್ ಇದನ್ನು ಆಚರಣೆಯಾಗಿ ವಿವರಿಸಿದರು. ಬಡಗರಲ್ಲಿ ಒಡೆಯರು ಲಿಂಗಾಯತರು. ವಚನಗಳ ಗದ್ಯಲಯ ಕಿವಿಯಲ್ಲಿರುವ ಒಬ್ಬ ಕನ್ನಡ ವಿದ್ಯಾರ್ಥಿ ಅಲ್ಲಿ ನಿಂತು, ಯಾವ ಪಾಪದ ನಂತರ ಯಾವ ಪಾಪ ಬರುತ್ತೆ, ಮರುದನಿ ಎಲ್ಲಿ ಏರುತ್ತೆ, ಹೇಳುವವರು ಬದಲಾದರೆ ಪಟ್ಟಿ ಬದಲಾಗುತ್ತದೆಯೇ ಅಂತ ಕೇಳಿಸ್ಕೊಂಡರೆ ಅದು ವಿಮರ್ಶೆಯೇ. ರೆಕಾರ್ಡ್ ಮಾಡೋದಕ್ಕೆ ಮೊದಲು ಆ ಮನೆಯವರ ಒಪ್ಪಿಗೆ ಬೇಕು. ಸ್ವರಗಳನ್ನು ಬರೆಯೋದಕ್ಕೆ ಎಮಿನೋ ಬಳಸಿದ ಗುರುತುಗಳೂ ಬೇಕಾಗುತ್ತವೆ, ನಮ್ಮ ಲಿಪಿ ಸಾಲಲ್ಲ.